ಮಳೆ, ಉಪ್ಪು, ಉಂಬಳ ಇರೋ ಊರಿಗೆ ಕ್ಯಾಮೆರಾ ಗೇರ್ ಆರಿಸೋದು ಹೇಗೆ

ನವರಾತ್ರಿ ಹತ್ರ ಬಂತು ಅಂದ್ರೆ ಮಳೆ ಸ್ವಲ್ಪ ಹಿಂದೆ ಸರೀತದೆ, ಜಲಪಾತದಲ್ಲಿ ನೀರು ಇನ್ನೂ ಜೋರಿರ್ತದೆ, ಆಗ ನಂಗೆ ಬರೋ ಮೆಸೇಜೆಲ್ಲ ಒಂದೇ ಥರ. "ಕಾಡು, ಬೀಚು, ಟ್ರೆಕ್ಕಿಂಗು ಅಂತ ಫೋಟೋ ತೆಗೀಬೇಕು, ಯಾವ ಕ್ಯಾಮೆರಾ ತಗೊಳ್ಳಿ?" ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಿ ಹೇಳಿ ಅರ್ಧ ಬಿಟ್ಟೇ ಹೋಗ್ತದೆ, ಅದಕ್ಕೆ ಎಲ್ಲ ಒಂದೇ ಕಡೆ ಬರೀತಿದ್ದೇನೆ.

ಮೊದಲೇ ಒಂದು ಮಾತು. ನೀವು ಕೇಳೋದು ಕ್ಯಾಮೆರಾ ಬಾಡಿ, ಅಂದ್ರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಅದರ ಬಗ್ಗೆ, ನಾನು ಬಾಡಿಗೆ ಬರೋದು ನಾಲ್ಕನೇ ಹಂತದಲ್ಲಿ. ಯಾಕಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಯಲ್ಲಾಪುರ, ಕಾರವಾರ, ಕುಮಟಾ ಈ ಕಡೆ ಕ್ಯಾಮೆರಾ ಹಾಳಾಗೋದು ಮೆಗಾಪಿಕ್ಸೆಲ್ ಕಮ್ಮಿ ಆಗಿ ಅಲ್ಲ. ಘಟ್ಟದ ಮೇಲೆ ತೇವ, ಕೆಳಗೆ ಉಪ್ಪು ಗಾಳಿ, ಎರಡರ ಮಧ್ಯೆ ನಿಮ್ಮ ಬೆನ್ನ ಮೇಲಿನ ಭಾರ, ಈ ಮೂರನ್ನ ಲೆಕ್ಕಕ್ಕೆ ಹಿಡೀದೆ ಬೇರೆ ಊರಿನವರ ವಿಡಿಯೋ ನೋಡಿ ತಗೊಂಡ್ರೆ ದುಡ್ಡು ನೀರಿಗೆ ಹೋದ ಹಾಗೆ.

ಹಂತ 1: ಎಲ್ಲಿ ಹೋಗ್ತೀರಿ ಅಂತ ಬರ್ಕೊಳ್ಳಿ

ಒಂದು ಹಾಳೆ ತಗೊಂಡು ಕಳೆದ ಒಂದು ವರ್ಷದಲ್ಲಿ ನೀವು ನಿಜವಾಗಿ ಹೋದ ಜಾಗ ಬರೀರಿ. ಹೋಗ್ಬೇಕು ಅಂತಿರೋದಲ್ಲ, ಹೋಗಿದ್ದು. ಯಾಣ, ಉಂಚಳ್ಳಿ, ವಿಭೂತಿ ಜಲಪಾತ ಇಂಥದ್ದೇ ಜಾಸ್ತಿ ಇದ್ರೆ ನಿಮ್ಮದು ಲ್ಯಾಂಡ್‌ಸ್ಕೇಪು, ಅಂದ್ರೆ ಬೆಟ್ಟ ಕಾಡು ನೀರು ಇಡೀ ನೋಟ ಹಿಡಿಯೋದು. ದಾಂಡೇಲಿ, ಕೈಗಾ, ಅತ್ತಿವೇರಿ, ಸೋಂದಾ ಹತ್ರದ ಮುಂಡಿಗೆಕೆರೆ ಇದ್ರೆ ಹಕ್ಕಿ. ಓಂ ಬೀಚು, ದೇವಬಾಗ್, ಕೂರ್ಮಗಡದ ಬೋಟು ಅಂದ್ರೆ ಉಪ್ಪು ನೀರಿನ ಕೆಲಸ. ಮಳೆಗಾಲದ ರಾತ್ರಿ ಕಪ್ಪೆ, ಹುಳ, ಅಣಬೆ ಹುಡುಕೋರಾದ್ರೆ ಅದು ಮ್ಯಾಕ್ರೋ, ಅಂದ್ರೆ ಸಣ್ಣದನ್ನ ಹತ್ತಿರದಿಂದ ದೊಡ್ಡದಾಗಿ ತೆಗೆಯೋದು.

ಎಲ್ಲಾ ಸ್ವಲ್ಪ ಸ್ವಲ್ಪ ಅಂತ ಬಂದ್ರೆ ಯಾವ್ದು ಜಾಸ್ತಿ ಸಲ ಬಂದಿದೆ ಅಂತ ನೋಡಿ, ಅದಕ್ಕೇ ಮೊದಲು ಖರ್ಚು ಮಾಡಿ. ಎಲ್ಲದಕ್ಕೂ ಒಂದೇ ಸಲ ತಗೊಳ್ಳೋಕೆ ಹೊರಟ್ರೆ ಯಾವುದಕ್ಕೂ ಸರಿಯಾಗದ ಸಾಮಾನು ಕೈಗೆ ಬರ್ತದೆ.

ಹಂತ 2: ಭಾರ ಹೊತ್ತು ನೋಡಿ

ಇದನ್ನ ಯಾರೂ ಮಾಡೋದಿಲ್ಲ, ದಯವಿಟ್ಟು ಮಾಡಿ. ನೀವು ಅಂದುಕೊಂಡ ಬಾಡಿ, ಲೆನ್ಸು, ಟ್ರೈಪಾಡ್ ಇವುಗಳ ತೂಕ ಕಂಪನಿ ವೆಬ್‌ಸೈಟಲ್ಲಿ ಇರ್ತದೆ, ಕೂಡಿಸಿ. ಅಷ್ಟೇ ತೂಕದ ಅಕ್ಕಿ ಮನೆಯ ತಕ್ಕಡೀಲಿ ತೂಗಿ ಚೀಲಕ್ಕೆ ತುಂಬಿ, ಮೇಲೆ 2 ಲೀಟರ್ ನೀರು, ರೇನ್‌ಕೋಟು, ತಿಂಡಿ ಹಾಕಿ, ಮನೆ ಹತ್ರದ ಒಂದು ಏರು ಹತ್ತಿ ಇಳೀರಿ. ಹತ್ತೋವಾಗ ಉಸಿರಿಗೆ ಗೊತ್ತಾಗ್ತದೆ, ಇಳಿಯೋವಾಗ ಮೊಣಕಾಲಿಗೆ ಗೊತ್ತಾಗ್ತದೆ. ಕೆಂಪು ಮಣ್ಣು ಜಾರೋ ಇಳಿಜಾರಲ್ಲಿ ಬೆನ್ನ ಮೇಲಿನ ಒಂದು ಕಿಲೋ ಹೆಚ್ಚು ಕಮ್ಮಿ ಸಣ್ಣ ವಿಷಯ ಅಲ್ಲ.

ಒಂದು ಹೋಲಿಕೆ ಕೊಡ್ತೇನೆ. ಸಿಗ್ಮಾ 150-600 ಕಾಂಟೆಂಪರರಿ ಅನ್ನೋ ಹಕ್ಕಿ ಲೆನ್ಸು ಡಿಎಸ್ಎಲ್ಆರ್‌ಗೆ (ಒಳಗೆ ಕನ್ನಡಿ ಇರೋ ಹಳೇ ಥರದ ಕ್ಯಾಮೆರಾಕ್ಕೆ) ಬರೋದು ಸುಮಾರು 1930 ಗ್ರಾಂ. ಕ್ಯಾನನ್ ಆರ್‌ಎಫ್ 100-400 ಬರೀ 635 ಗ್ರಾಂ. ಮೂರರಲ್ಲಿ ಒಂದು ಪಾಲು! ಆದ್ರೆ ಕ್ಯಾನನ್ನಿನ ಆ ಲೆನ್ಸಿಗೆ ವೆದರ್ ಸೀಲಿಂಗ್ (ಧೂಳು, ಹನಿ ನೀರು ತಡೆಯೋ ವ್ಯವಸ್ಥೆ) ಇಲ್ಲ, ಬೆಳಕೂ ಕಮ್ಮಿ ಒಳಗೆ ಬಿಡ್ತದೆ. ಹೀಗೆ ಒಂದು ಕಡೆ ಉಳಿಸಿದ್ದನ್ನ ಇನ್ನೊಂದು ಕಡೆ ಕೊಡಬೇಕಾಗ್ತದೆ, ಯಾವ್ದು ಕೊಟ್ರೆ ನಿಮಗೆ ಅಡ್ಡಿಲ್ಲ ಅನ್ನೋದನ್ನ ನೀವೇ ನೋಡ್ಕೊಳ್ಬೇಕು.

ನನ್ನ ಅನುಭವದಲ್ಲಿ ಒಂದು ದಿನದ ನಡಿಗೆಗೆ ಕ್ಯಾಮೆರಾ ಸಾಮಾನೆಲ್ಲ ಸೇರಿ 3ರಿಂದ 4 ಕಿಲೋ ಒಳಗೆ ಇದ್ರೆ ಒಳ್ಳೇದು. ಅದಕ್ಕಿಂತ ಜಾಸ್ತಿ ಆದ್ರೆ ಎರಡನೇ ಟ್ರಿಪ್ಪಿಂದ ಮನೇಲಿ ಬಿಟ್ಟು ಹೋಗೋಕೆ ಶುರು ಮಾಡ್ತೀರಿ.

ಹಂತ 3: ಲೆನ್ಸು, ಇಲ್ಲೇ ಸಮಯ ತಗೊಳ್ಳಿ

ಲೆನ್ಸಿನ ಮೇಲೆ ಬರೆದಿರೋ ಎಂಎಂ ಅಂದ್ರೆ ಫೋಕಲ್ ಲೆಂತ್. ಅಂಕಿ ಸಣ್ಣದಾದಷ್ಟೂ ಅಗಲ ನೋಟ, ದೊಡ್ಡದಾದಷ್ಟೂ ದೂರದ್ದು ಹತ್ರ ಕಾಣ್ತದೆ. ಎಫ್ ನಂಬರ್ ಅಂದ್ರೆ ಬೆಳಕು ಬಿಡೋ ಬಾಗಿಲು, ಎಫ್ 2.8 ಅಂದ್ರೆ ದೊಡ್ಡ ಬಾಗಿಲು, ಎಫ್ 8 ಅಂದ್ರೆ ಸಣ್ಣದು. ಅಂಕಿ ಉಲ್ಟಾ ಇರೋದ್ರಿಂದ ಹೊಸಬರಿಗೆ ಗೊಂದಲ ಆಗ್ತದೆ, ನೆನಪಿಟ್ಕೊಳ್ಳಿ.

ಇನ್ನೊಂದು ಶಬ್ದ ಕ್ರಾಪ್ ಸೆನ್ಸರ್. ಸೆನ್ಸರ್ ಅಂದ್ರೆ ಕ್ಯಾಮೆರಾ ಒಳಗೆ ಬೆಳಕು ಹಿಡಿದು ಚಿತ್ರ ಮಾಡೋ ಚಿಪ್. ಫುಲ್ ಫ್ರೇಮ್ ಸೆನ್ಸರ್ 36 ಗುಣಿಸು 24 ಮಿಲಿಮೀಟರ್. ಅದಕ್ಕಿಂತ ಸಣ್ಣದು ಎಪಿಎಸ್-ಸಿ, ಇದನ್ನೇ ಕ್ರಾಪ್ ಅಂತಾರೆ. ನಿಕಾನ್, ಸೋನಿ, ಫ್ಯೂಜಿಯಲ್ಲಿ ಲೆನ್ಸಿನ ಎಂಎಂ ಅನ್ನ 1.5ರಿಂದ ಗುಣಿಸಿ, ಕ್ಯಾನನ್ನಲ್ಲಿ 1.6ರಿಂದ, ಮೈಕ್ರೋ ಫೋರ್ ಥರ್ಡ್ಸ್ ಅನ್ನೋ ಇನ್ನೂ ಸಣ್ಣ ಸೆನ್ಸರಿಗೆ 2ರಿಂದ. ಅಂದ್ರೆ 400 ಎಂಎಂ ಲೆನ್ಸು ನಿಕಾನ್ ಕ್ರಾಪಲ್ಲಿ 600ರ ಥರ ಕಾಣ್ತದೆ. ಹಕ್ಕಿ ತೆಗೆಯೋರಿಗೆ ಇದು ಲಾಭ, ಅಗಲ ನೋಟ ಬೇಕಾದವರಿಗೆ ನಷ್ಟ.

ಈಗ ನಮ್ಮ ಜಾಗಕ್ಕೆ ಹೊಂದಿಸಿ ನೋಡುವ. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಮೋಹಿನಿ ಶಿಖರ 90 ಮೀಟರ್, ನೀವು ಬುಡದಲ್ಲೇ ನಿಂತಿರ್ತೀರಿ, ಹಿಂದೆ ಸರಿಯೋಕೆ ಮರ ಬಿಡೋದಿಲ್ಲ. ಅಲ್ಲಿ ಕ್ರಾಪ್ ಕ್ಯಾಮೆರಾದ ಜೊತೆ ಬರೋ 18-55 ಸಾಲದು, 10-18 ಥರದ ವೈಡ್ ಲೆನ್ಸ್ ಬೇಕು. ಅದೇ ಉಂಚಳ್ಳಿಗೆ ಹೋಗಿ. ನಮ್ಮ ಕಡೆ ಕೆಪ್ಪ ಜೋಗ ಅಂತಾರಲ್ಲ, ಅಘನಾಶಿನಿ 116 ಮೀಟರ್ ಬೀಳೋದು. ಅದನ್ನ ನೋಡೋದು ದೂರದ ವ್ಯೂ ಪಾಯಿಂಟಿಂದ, ಎದುರಿಗೆ ಕಣಿವೆ. ವೈಡ್ ಹಾಕಿದ್ರೆ ಜಲಪಾತ ಒಂದು ಬಿಳಿ ದಾರದ ಹಾಗೆ ಕಾಣ್ತದೆ, ಅಲ್ಲಿ 50ರಿಂದ 200 ಎಂಎಂ ಸರಿ. ಮಾಗೋಡು ಜಲಪಾತಕ್ಕೂ ಇದೇ ಮಾತು. ಸಾತೊಡ್ಡಿ 15 ಮೀಟರ್ ಮಾತ್ರ, ಹತ್ರನೇ ಹೋಗ್ಬಹುದು, ಅಲ್ಲಿ ಮತ್ತೆ ವೈಡು. ಹಾಗಾಗಿ "ಜಲಪಾತಕ್ಕೆ ಯಾವ ಲೆನ್ಸು" ಅಂದ್ರೆ ನಂದು ಒಂದೇ ಮರುಪ್ರಶ್ನೆ, ಯಾವ ಜಲಪಾತ?

ಬೋಟಲ್ಲಿ ಹೋಗಿ ಕಾರವಾರದ ದ್ವೀಪ, ಡಾಲ್ಫಿನ್ ತೆಗೆಯೋರಿಗೆ 70-300 ಥರದ್ದು ಹದ. ಬೋಟು ಅಲುಗಾಡ್ತಿರ್ತದೆ, ಉದ್ದ ಲೆನ್ಸಲ್ಲಿ ಡಾಲ್ಫಿನ್ ಹುಡುಕೋಷ್ಟರಲ್ಲಿ ಅದು ಮುಳುಗಿರ್ತದೆ. ಶಟರ್ ಸ್ಪೀಡ್, ಅಂದ್ರೆ ಸೆನ್ಸರಿಗೆ ಬೆಳಕು ಬೀಳೋ ಹೊತ್ತು, ಸೆಕೆಂಡಿನ 1000ದಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿ ಇಡಿ.

ಹಕ್ಕಿಗೆ 400ಕ್ಕಿಂತ ಕಮ್ಮಿ ತಗೊಂಡ್ರೆ ಬೇಜಾರಾಗ್ತದೆ. ದಾಂಡೇಲಿ ಕಾಡಲ್ಲಿ ಮಂಗಟ್ಟೆ, ಅಂದ್ರೆ ಹಾರ್ನ್‌ಬಿಲ್, ಕೂರೋದು ಎತ್ತರದ ಮರದ ತುದೀಲಿ. ಇನ್ನೊಂದು ತೊಂದ್ರೆ ಬೆಳಕು. ಪಶ್ಚಿಮ ಘಟ್ಟದ ಮರದ ಕೆಳಗೆ ಮಧ್ಯಾಹ್ನ 12 ಗಂಟೆಗೂ ಮುಸ್ಸಂಜೆ ಥರ ಇರ್ತದೆ, ಎಫ್ 8 ಲೆನ್ಸಾದ್ರೆ ಐಎಸ್ಒ 6400 ದಾಟ್ತದೆ, ಫೋಟೋ ತುಂಬ ಕಾಳು ಕಾಳು ಬರ್ತದೆ. ಐಎಸ್ಒ ಅಂದ್ರೆ ಸೆನ್ಸರಿಂದ ಬಂದ ಸಿಗ್ನಲನ್ನ ಎಷ್ಟು ಹಿಗ್ಗಿಸ್ತೀರಿ ಅನ್ನೋದು. ಕೆರೆ ದಂಡೆ, ಗದ್ದೆ ಬಯಲು, ಅಘನಾಶಿನಿ ಅಳಿವೆ ಇಂಥಲ್ಲಿ ಬೆಳಕು ಧಾರಾಳ, ಅಲ್ಲಿ ಎಫ್ 8 ನಡೀತದೆ. ಕಾಡೊಳಗಿನ ಹಕ್ಕಿಗೆ ಎಫ್ 5.6 ಅಥವಾ 6.3 ಇರೋದನ್ನೇ ನೋಡಿ, ಭಾರ ಆದ್ರೂ ಸೈ.

ಮ್ಯಾಕ್ರೋಗೆ ಹೊಸ ಲೆನ್ಸ್ ತಗೊಳ್ಳೋ ಮೊದಲು ಎಕ್ಸ್‌ಟೆನ್ಶನ್ ಟ್ಯೂಬ್ ಪ್ರಯತ್ನಿಸಿ. ಅದು ಗಾಜಿಲ್ಲದ ಖಾಲಿ ಉಂಗುರ, ಲೆನ್ಸಿಗೂ ಬಾಡಿಗೂ ಮಧ್ಯೆ ಹಾಕಿದ್ರೆ ಇನ್ನೂ ಹತ್ರ ಫೋಕಸ್ ಆಗ್ತದೆ, ಇರೋ ಲೆನ್ಸಲ್ಲೇ ಕೆಲಸ ಆಗ್ತದೆ. ಒಂದು ಕೋರಿಕೆ. ಮೊಟ್ಟೆಗೆ ಮಣ್ಣು ಮೆತ್ತೋ ಕುಂಬಾರ ಕಪ್ಪೆಯನ್ನ ನಮ್ಮದೇ ಜಿಲ್ಲೆಯ ಕಾಡಲ್ಲಿ ಗುರುತಿಸಿ 2014ರಲ್ಲಿ ಹೊಸ ಜಾತಿ ಅಂತ ಹೆಸರಿಟ್ರು, ಅಂಥ ಜೀವಿ ಇರೋ ತೊರೆ ಇದು. ಟಾರ್ಚು ಮುಖಕ್ಕೇ ಹಿಡ್ಕೊಂಡು ನಿಲ್ಬೇಡಿ, ಕಲ್ಲು ಎತ್ತಿ ನೋಡ್ಬೇಡಿ, ಕೈಗೆ ತಗೊಂಡು ಎಲೆ ಮೇಲೆ ಕೂರಿಸ್ಬೇಡಿ. ಎರಡು ಫೋಟೋ ತೆಗೆದು ಮುಂದೆ ಹೋಗಿ.

ಇನ್ನೊಂದು ಮಾತು: 18-300 ಥರದ ಎಲ್ಲಾ ಒಂದರಲ್ಲೇ ಇರೋ ಲೆನ್ಸನ್ನ ಕೆಲವರು ಬೈತಾರೆ, ನಾನು ಬೈಯೋದಿಲ್ಲ. ಬೀಚಲ್ಲಿ, ಮಳೇಲಿ ಲೆನ್ಸ್ ಬದಲಾಯಿಸದೇ ಇರೋದೇ ದೊಡ್ಡ ಲಾಭ. ಚೂಪು ಸ್ವಲ್ಪ ಕಮ್ಮಿ, ಬೆಳಕೂ ಕಮ್ಮಿ, ಆದ್ರೆ ಸೆನ್ಸರ್ ಮೇಲೆ ಮರಳು ಬೀಳೋದಿಲ್ಲ.

ಹಂತ 4: ಈಗ ಬಾಡಿ

ಇಲ್ಲಿ ನೋಡ್ಬೇಕಾದ್ದು ಮೂರೇ: ವೆದರ್ ಸೀಲಿಂಗ್, ಕೈಯಲ್ಲಿ ಹಿಡಿಯೋ ಹದ, ಬೇಕಾದ ಲೆನ್ಸು ಆ ಮೌಂಟಿಗೆ, ಅಂದ್ರೆ ಬಾಡಿಯಲ್ಲಿ ಲೆನ್ಸ್ ಕೂರೋ ಜಾಗಕ್ಕೆ, ಸಿಗ್ತದೋ ಅಂತ. 20 ಮೆಗಾಪಿಕ್ಸೆಲ್ ಮೇಲಿದ್ರೆ ಧಾರಾಳ ಸಾಕು.

ವೆದರ್ ಸೀಲಿಂಗ್ ಅಂದ್ರೆ ಬಟನ್ನು, ಬಾಗಿಲು, ಜೋಡಣೆ ಇರೋ ಕಡೆ ಒಳಗೆ ರಬ್ಬರ್ ಪಟ್ಟಿ ಕೊಟ್ಟು ಧೂಳು, ಹನಿ ನೀರು ತಡೆಯೋದು. ಇದು ವಾಟರ್‌ಪ್ರೂಫ್ ಅಲ್ಲ. ಮತ್ತೊಮ್ಮೆ ಹೇಳ್ತೇನೆ, ವಾಟರ್‌ಪ್ರೂಫ್ ಅಲ್ಲ. ತುಂತುರು ಮಳೆ, ಜಲಪಾತದ ಸಿಡಿತ ತಡೀತದೆ, ನಮ್ಮ ಜುಲೈ ತಿಂಗಳ ಮಳೇಲಿ ಒಂದು ತಾಸು ಬಿಟ್ರೆ ತಡಿಯೋದಿಲ್ಲ. ನೀರು ಹೋಗಿದೆ ಅಂತ ಗೊತ್ತಾದ್ರೆ ವಾರಂಟಿಯೂ ಸಾಮಾನ್ಯವಾಗಿ ಸಿಗೋದಿಲ್ಲ.

ಎಲ್ಲಾ ಮಾಡೆಲಿಗೂ ಸೀಲಿಂಗ್ ಇರೋದಿಲ್ಲ, ಇದನ್ನ ಅಂಗಡೀಲಿ ಬಿಡಿಸಿ ಕೇಳಿ. ಉದಾಹರಣೆಗೆ ಫ್ಯೂಜಿಫಿಲ್ಮ್ ಎಕ್ಸ್-ಟಿ5 ಮತ್ತು ಎಕ್ಸ್-ಟಿ50 ಎರಡಕ್ಕೂ ಒಂದೇ 40 ಮೆಗಾಪಿಕ್ಸೆಲ್ ಸೆನ್ಸರು. ಟಿ5ಗೆ ಸೀಲಿಂಗ್ ಇದೆ, ತೂಕ 557 ಗ್ರಾಂ. ಟಿ50 438 ಗ್ರಾಂ, ಸೀಲಿಂಗ್ ಇಲ್ಲ. ಓಎಂ ಸಿಸ್ಟಮ್ ಓಎಂ-1ಗೆ ಐಪಿ53 ಅನ್ನೋ ರೇಟಿಂಗ್ ಇದೆ, ಅಂದ್ರೆ ಧೂಳು ಮತ್ತು ಓರೆಯಾಗಿ ಬೀಳೋ ಹನಿಗೆ ಪರೀಕ್ಷೆ ಮಾಡಿದ್ದು. ಸೆನ್ಸರ್ ಸಣ್ಣದು, ಆದ್ರೆ ಲೆನ್ಸು ಹಗುರ, ಮಳೆ ಕಾಡಿಗೆ ಹೇಳಿ ಮಾಡಿಸಿದ್ದು.

ಬಾಡಿಗೆ ಸೀಲಿಂಗ್ ಇದ್ದು ಲೆನ್ಸಿಗೆ ಇಲ್ಲ ಅಂದ್ರೆ ಪ್ರಯೋಜನ ಇಲ್ಲ, ನೀರು ಮೌಂಟ್ ಕಡೆಯಿಂದ ಇಳೀತದೆ. ಲೆನ್ಸ್ ತಿರುಗಿಸಿ ಹಿಂದಿನ ಲೋಹದ ಬಳೆ ಸುತ್ತ ತೆಳು ರಬ್ಬರ್ ಉಂಗುರ ಇದ್ಯಾ ನೋಡಿ, ಬೆರಳು ಆಡಿಸಿದ್ರೆ ಗೊತ್ತಾಗ್ತದೆ. ಫ್ಯೂಜಿಯಲ್ಲಾದ್ರೆ ಲೆನ್ಸ್ ಹೆಸರಲ್ಲೇ ಡಬ್ಲ್ಯುಆರ್ ಅಂತ ಇರ್ತದೆ. ಜೂಮ್ ಮಾಡಿದಾಗ ಮುಂದೆ ಉದ್ದ ಬರೋ ಲೆನ್ಸು ಒಳಗೆ ಗಾಳಿ ಎಳ್ಕೊಳ್ತದೆ, ಗಾಳಿ ಜೊತೆ ತೇವ, ಮಳೇಲಿ ಸುಮ್ನೆ ಜೂಮ್ ಆಡಿಸ್ತಾ ಇರ್ಬೇಡಿ.

ಸ್ಟೆಬಿಲೈಜೇಶನ್, ಅಂದ್ರೆ ಕೈ ನಡುಕ ಸರಿಮಾಡೋ ವ್ಯವಸ್ಥೆ, ಬಾಡಿಯಲ್ಲೋ ಲೆನ್ಸಲ್ಲೋ ಒಂದು ಕಡೆ ಇರ್ಲಿ. ಇದು ನಿಮ್ಮ ಕೈ ನಡುಕಕ್ಕೆ ಮಾತ್ರ, ಹಾರೋ ಹಕ್ಕಿಗೆ ಅಲ್ಲ, ಅದಕ್ಕೆ ಶಟರ್ ಸ್ಪೀಡೇ ಬೇಕು.

ಹಂತ 5: ಕ್ಯಾಮೆರಾಕ್ಕೆ ಕೊಟ್ಟೆ ಕಟ್ಟೋದು

ಅಡಿಕೆ ತೋಟದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಮಳೆಗೆ ಮುಂಚೆ ಅಡಿಕೆ ಗೊಂಚಲಿಗೆ ಕೊಟ್ಟೆ, ಅಂದ್ರೆ ಮಳೆ ತಡೆಯೋ ಹೊದಿಕೆ, ಕಟ್ತೇವಲ್ಲ, ಕ್ಯಾಮೆರಾಕ್ಕೂ ಅದೇ. ಮೇಲಿಂದ ನೀರು ಇಳೀಬಾರ್ದು, ಕೆಳಗಿಂದ ಗಾಳಿ ಆಡ್ಬೇಕು. ರೆಡಿಮೇಡ್ ರೇನ್ ಕವರ್ ಸಿಗ್ತದೆ, ಇಲ್ಲದಿದ್ರೆ ದಪ್ಪ ಪ್ಲಾಸ್ಟಿಕ್ ಚೀಲದ ತಳದಲ್ಲಿ ಲೆನ್ಸಿನ ಹುಡ್ (ಮುಂದೆ ಹಾಕೋ ನೆರಳಿನ ಕೊಳವೆ) ಹೊರಗೆ ಬರೋಷ್ಟು ತೂತು ಮಾಡಿ, ಹುಡ್ ಮೇಲೆ ರಬ್ಬರ್ ಬ್ಯಾಂಡ್ ಹಾಕಿ, ಹಿಂದಿನ ಬಾಯಿ ಕೆಳಮುಖವಾಗಿ ಬಿಡಿ, ಅಲ್ಲಿಂದಲೇ ಕೈ ಹಾಕಿ. ಪೂರ್ತಿ ಕಟ್ಟಿಬಿಟ್ರೆ ನಿಮ್ಮ ಕೈಯ ಬೆವರಿಗೇ ಒಳಗೆ ಹಬೆ ಕಟ್ತದೆ.

ಬ್ಯಾಗಿನ ಜೊತೆ ಬರೋ ರೇನ್ ಕವರ್ ಹಿಂಭಾಗ ಮುಚ್ಚೋದಿಲ್ಲ, ಬೆನ್ನಿಗೆ ತಾಗಿರೋ ಕಡೆಯಿಂದ ನೀರು ಇಳೀತದೆ. ಬ್ಯಾಗ್ ಒಳಗೆ ಬಾಯಿ ಸುತ್ತಿ ಮುಚ್ಚೋ ಡ್ರೈ ಬ್ಯಾಗ್ ಒಂದು 10 ಲೀಟರಿಂದು ಇಟ್ಕೊಳ್ಳಿ. ಹಳ್ಳ ದಾಟೋವಾಗ, ಬೋಟ್ ಹತ್ತೋವಾಗ ಕ್ಯಾಮೆರಾ ಅದರಲ್ಲೇ ಇರ್ಲಿ. ಇಷ್ಟು ಕಮ್ಮಿ ದುಡ್ಡಲ್ಲಿ ಇಷ್ಟು ಉಪಕಾರ ಮಾಡೋ ಸಾಮಾನು ಇನ್ನೊಂದಿಲ್ಲ.

ಸಮುದ್ರದ ಹತ್ರ ನಿಯಮ ಇನ್ನೂ ಕಟ್ಟುನಿಟ್ಟು. ಬೀಚಲ್ಲಿ ಲೆನ್ಸ್ ಬದಲಾಯಿಸೋದು ಬೇಡವೇ ಬೇಡ, ಮಾಜಾಳಿಯ ತಿಳಮಾತಿಯ ಕರಿ ಮರಳಂತೂ ಎಳ್ಳಿನ ಹಾಗೆ ಸಣ್ಣದು, ಎಲ್ಲಾ ಸಂದಿಗೂ ಹೊಕ್ಕುಕೊಳ್ತದೆ. ಮನೆಗೆ ಬಂದ ಕೂಡ್ಲೇ ಮೊದಲು ಬ್ಲೋವರ್, ಅಂದ್ರೆ ಗಾಳಿ ಊದೋ ರಬ್ಬರ್ ಬುಡ್ಡಿ, ಅದರಿಂದ ಮರಳು ಹಾರಿಸಿ. ಆಮೇಲೆ ಹಳೇ ಕಾಟನ್ ಪಂಚೆ ತುಂಡನ್ನ ಸಿಹಿ ನೀರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿ ಬಾಡಿ ಒರೆಸಿ, ಉಪ್ಪು ಕರಗಿ ಬಟ್ಟೆಗೆ ಬರ್ತದೆ, ಕೊನೆಗೆ ಒಣ ಬಟ್ಟೆ. ಲೆನ್ಸಿನ ಗಾಜಿಗೆ ಮಾತ್ರ ಪಂಚೆ ಬೇಡ, ಮೈಕ್ರೋಫೈಬರ್ ಬಟ್ಟೆನೇ ಬಳಸಿ. ಊದದೇ ಒರೆಸಿದ್ರೆ ಮರಳು ಕಾಳು ಗಾಜಿನ ಮೇಲೆ ಗೀರು ಎಳೀತದೆ. ಸಮುದ್ರದ ಹತ್ರ ಲೆನ್ಸಿಗೆ ಒಂದು ಯುವಿ ಫಿಲ್ಟರ್ ಹಾಕಿಟ್ರೆ ಉಪ್ಪಿನ ಸಿಡಿತ ಅದರ ಮೇಲೆ ಬೀಳ್ತದೆ, ಲೆನ್ಸ್ ಉಳೀತದೆ.

ಇನ್ನೊಂದು ಸಾಮಾನ್ಯ ತೊಂದ್ರೆ, ಗೋಕರ್ಣದಲ್ಲಿ ಎಸಿ ರೂಮಲ್ಲಿ ಮಲಗಿ ಬೆಳಿಗ್ಗೆ ಕ್ಯಾಮೆರಾ ಹಿಡಿದು ಕುಡ್ಲೆ ಬೀಚಿಗೆ ಹೋದ್ರೆ ಲೆನ್ಸ್ ಪೂರ್ತಿ ಮಂಜು. ತಣ್ಣಗಿನ ಗಾಜಿಗೆ ಹೊರಗಿನ ತೇವದ ಗಾಳಿ ತಾಗಿ ನೀರು ಕೂರೋದು ಅದು. ಒರೆಸಿದ್ರೆ ಮತ್ತೆ ಬರ್ತದೆ. ಹೊರಡೋಕೆ ಮುಕ್ಕಾಲು ತಾಸು ಮುಂಚೆ ಬ್ಯಾಗನ್ನ ಜಿಪ್ ತೆಗೆಯದೇ ಬಾಲ್ಕನೀಲಿಡಿ, ನಿಧಾನಕ್ಕೆ ಬೆಚ್ಚಗಾಗ್ಲಿ.

ಉಂಬಳಕ್ಕೆ, ಸೊಳ್ಳೆಗೆ ಅಂತ ಮೈಗೆ ಹಚ್ಕೊಳ್ಳೋ ಔಷಧದಲ್ಲಿ ಡೀಟ್ ಅನ್ನೋ ರಾಸಾಯನಿಕ ಇದ್ರೆ ಅದೇ ಕೈಯಲ್ಲಿ ಕ್ಯಾಮೆರಾ ಮುಟ್ಬೇಡಿ. ಅದು ಪ್ಲಾಸ್ಟಿಕ್ಕನ್ನ, ರಬ್ಬರನ್ನ ಮೆತ್ತಗೆ ಮಾಡ್ತದೆ. ಕಾಲಿಗೆ ಹಚ್ಚಿ ಅಂಗೈ ತೊಳ್ಕೊಳ್ಳಿ.

ಹಂತ 6: ಟ್ರೈಪಾಡು, ಫಿಲ್ಟರು

ನೀರು ಹಾಲಿನ ಥರ ಕಾಣ್ಬೇಕು ಅಂದ್ರೆ ಶಟರ್ ಕಾಲು ಸೆಕೆಂಡಿಂದ ಒಂದು ಸೆಕೆಂಡ್ ತೆರೆದಿರ್ಬೇಕು, ಅದಕ್ಕೆ ಟ್ರೈಪಾಡ್ ಬೇಕು. ಅಗ್ಗದ್ದು, ಹಗುರದ್ದು, ಗಟ್ಟಿ, ಈ ಮೂರರಲ್ಲಿ ಎರಡೇ ಸಿಗೋದು. ಅಲ್ಯೂಮಿನಿಯಂ ಅಗ್ಗ ಆದ್ರೆ ಭಾರ, ಕಾರ್ಬನ್ ಫೈಬರ್ ಹಗುರ ಆದ್ರೆ ದುಬಾರಿ. ನಡಿಗೆ ಜಾಸ್ತಿ ಇರೋರು ಕಾರ್ಬನ್ನಿಗೆ ಕಾದು ದುಡ್ಡು ಕೂಡಿಸಿ, ಕಾರಿಂದ ಇಳಿದು ತೆಗೆಯೋರಿಗೆ ಅಲ್ಯೂಮಿನಿಯಂ ಅಡ್ಡಿಲ್ಲ. ಕಡ್ಡಿ ಥರದ 800 ಗ್ರಾಂ ಟ್ರೈಪಾಡ್ ಮಾತ್ರ ಬೇಡ, ನೀರಿನ ಸೆಳೆತಕ್ಕೇ ನಡುಗ್ತದೆ.

ಕಾಲಿನ ಲಾಕು ಎರಡು ಥರ, ತಿರುಪೋದು ಮತ್ತು ಮಡಚಿ ಒತ್ತೋದು. ನಮ್ಮ ಬೀಚಿಗೆ ಒತ್ತೋ ಥರದ್ದು ಒಳ್ಳೇದು, ತಿರುಪೋದ್ರಲ್ಲಿ ಮರಳು ಸಿಕ್ಕಿ ಕರಕರ ಅಂತದೆ. ನೀರಲ್ಲಿ ನಿಲ್ಲಿಸೋವಾಗ ಒಂದು ಉಪಾಯ: ಸಾಮಾನ್ಯವಾಗಿ ಮೇಲಿನ ದಪ್ಪ ಭಾಗ ಮೊದಲು ಎಳೀತೇವೆ, ನೀರಲ್ಲಿ ಉಲ್ಟಾ ಮಾಡಿ, ಕೆಳಗಿನ ತೆಳು ಭಾಗ ಪೂರ್ತಿ ಎಳೀರಿ, ಆಗ ಲಾಕೆಲ್ಲ ನೀರಿಂದ ಮೇಲೆ ಉಳೀತದೆ. ಸಮುದ್ರಕ್ಕೆ ಇಳಿಸಿದ ಟ್ರೈಪಾಡನ್ನ ಅವತ್ತೇ ಸಿಹಿ ನೀರಲ್ಲಿ ತೊಳೆದು ಕಾಲು ಬಿಚ್ಚಿಟ್ಟು ಒಣಗಿಸಿ.

ಫಿಲ್ಟರಲ್ಲಿ ಮೊದಲು ಸಿಪಿಎಲ್, ಅಂದ್ರೆ ಪೋಲರೈಜರ್. ಒದ್ದೆ ಎಲೆ, ಒದ್ದೆ ಬಂಡೆ ಮೇಲಿನ ಬಿಳಿ ಹೊಳಪನ್ನ ಇದು ತೆಗೀತದೆ, ತಿರುಗಿಸ್ತಾ ನೋಡಿದ್ರೆ ಕಣ್ಣೆದುರೇ ಹಸಿರು ಗಾಢ ಆಗ್ತದೆ. ಮಳೆ ಕಾಡಿಗೆ ಇದನ್ನ ಬಿಟ್ರೆ ಬೇರೆ ದಾರಿ ಇಲ್ಲ, ಕಂಪ್ಯೂಟರಲ್ಲಿ ಆಮೇಲೆ ಸರಿಮಾಡೋಕೆ ಬರೋದಿಲ್ಲ. ಎರಡನೇದು ಎನ್‌ಡಿ, ಕಪ್ಪು ಕನ್ನಡಕದ ಥರ ಬೆಳಕು ಕಮ್ಮಿ ಮಾಡೋದು. ಎನ್‌ಡಿ8 ಅಂದ್ರೆ ಎಂಟರಲ್ಲಿ ಒಂದು ಪಾಲು ಬೆಳಕು, 30ರಲ್ಲಿ ಒಂದು ಸೆಕೆಂಡ್ ಇದ್ದದ್ದು ಕಾಲು ಸೆಕೆಂಡಾಗ್ತದೆ. ಮೋಡ ಇದ್ದು ಮರದ ನೆರಳಿದ್ರೆ ಸಿಪಿಎಲ್ ಒಂದೇ ಸಾಕಾಗ್ತದೆ, ಅದೂ ಒಂದೂವರೆ ಎರಡು ಸ್ಟಾಪ್ ಬೆಳಕು ನುಂಗ್ತದೆ. ಸ್ಟಾಪ್ ಅಂದ್ರೆ ಬೆಳಕು ಅರ್ಧ ಅಥವಾ ದುಪ್ಪಟ್ಟು ಆಗೋ ಒಂದು ಮೆಟ್ಟಿಲು.

ಪ್ರತಿ ಲೆನ್ಸಿಗೂ ಬೇರೆ ಫಿಲ್ಟರ್ ತಗೊಳ್ಬೇಡಿ. ನಿಮ್ಮ ದೊಡ್ಡ ಲೆನ್ಸಿನ ಅಳತೆಗೆ ಒಂದು ತಗೊಂಡು ಉಳಿದದ್ದಕ್ಕೆ ಸ್ಟೆಪ್ ಅಪ್ ರಿಂಗ್, ಅಂದ್ರೆ ಸಣ್ಣ ಲೆನ್ಸಿಗೆ ದೊಡ್ಡ ಫಿಲ್ಟರ್ ಕೂರಿಸೋ ಉಂಗುರ, ಹಾಕಿ.

ಹಂತ 7: ಬ್ಯಾಟರಿ, ಕಾರ್ಡು

ಇದು ಬೇಗ ಮುಗಿಯೋದು. ಬ್ಯಾಟರಿ ಎರಡು ಕಡ್ಡಾಯ, ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ) ಕ್ಯಾಮೆರಾ ಬೇಗ ಖಾಲಿ ಮಾಡ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಯಾವಾಗ ಬರ್ತದೆ ಅಂತಿಲ್ಲ, ಹಾಗಾಗಿ ಯುಎಸ್‌ಬಿ-ಸಿಯಿಂದ ಪವರ್ ಬ್ಯಾಂಕಲ್ಲೇ ಚಾರ್ಜ್ ಆಗೋ ಬಾಡಿ ಆದ್ರೆ ನೆಮ್ಮದಿ. ಕಾರ್ಡು 64 ಜಿಬಿಯದ್ದು ಎರಡು, ವಿ30 ಅಂತ ಬರೆದಿರ್ಬೇಕು, ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯೋ ಖಾತ್ರಿ. ತೀರಾ ಅಗ್ಗಕ್ಕೆ ಸಿಗೋ ಕಾರ್ಡಲ್ಲಿ ನಕಲಿ ಜಾಸ್ತಿ.

ಹಂತ 8: ಮನೇಲಿ ಇಡೋದು, ಇದೇ ಎಲ್ಲಕ್ಕಿಂತ ಮುಖ್ಯ

ನನ್ನದೇ ಒಂದು ಲೆನ್ಸು ಜೂನಲ್ಲಿ ಚರ್ಮದ ಪೌಚಲ್ಲಿ ಹಾಕಿ ಕಪಾಟಲ್ಲಿಟ್ಟಿದ್ದು, ಸೆಪ್ಟೆಂಬರಲ್ಲಿ ತೆಗೆದು ಬೆಳಕಿಗೆ ಹಿಡಿದ್ರೆ ಒಳಗಿನ ಗಾಜಲ್ಲಿ ಜೇಡರ ಬಲೆ ಥರ ಬಿಳಿ ಎಳೆ ಹಬ್ಬಿತ್ತು. ಬಿಚ್ಚಿಸಿ ಒರೆಸಿದ್ರೂ ಗಾಜಿನ ಲೇಪ ತಿಂದು ಹಾಕಿದ ಕಲೆ ಹೋಗ್ಲಿಲ್ಲ. ಅದು ಫಂಗಸ್. ಆ ಲೆನ್ಸ್ ಒಂದು ಹನಿ ಮಳೆಗೂ ಬಿದ್ದಿರಲಿಲ್ಲ, ಮನೆ ಒಳಗೇ ಹಾಳಾಯ್ತು. ಇವತ್ತಿಗೂ ಬೇಜಾರಿದೆ, ಅದಕ್ಕೇ ಇದನ್ನ ಉದ್ದ ಬರೀತಿದ್ದೇನೆ.

ಗಾಳಿಯ ತೇವಾಂಶ 65–70 ಶೇಕಡಾ ಮೇಲೆ ಇದ್ದು, ಕತ್ತಲು, ಗಾಳಿಯಾಡದ ಜಾಗ ಆದ್ರೆ ಫಂಗಸ್ ಬರ್ತದೆ. ನಮ್ಮಲ್ಲಿ ಮಳೆಗಾಲ ಪೂರ್ತಿ ಹಾಗೇ. ಲೆನ್ಸಿಗೆ ಬೇಕಾದ್ದು 40ರಿಂದ 50. ತೀರಾ 30ಕ್ಕಿಂತ ಕೆಳಗೆ ಇಳಿಸೋದೂ ಬೇಡ.

ದುಡ್ಡಿದ್ರೆ ಡ್ರೈ ಕ್ಯಾಬಿನೆಟ್ ತಗೊಳ್ಳಿ, ತೇವಾಂಶ ತಾನೇ ಹಿಡಿದಿಡೋ ಕರೆಂಟಿನ ಪೆಟ್ಟಿಗೆ. ಇಲ್ಲದಿದ್ರೆ ಹೀಗೆ ಮಾಡಿ:

ಅಡುಗೆ ಸಾಮಾನಿನ ಅಂಗಡೀಲಿ ಮುಚ್ಚಳಕ್ಕೆ ರಬ್ಬರ್ ಇರೋ, ಕ್ಲಿಪ್ ಹಾಕೋ ದೊಡ್ಡ ಪ್ಲಾಸ್ಟಿಕ್ ಡಬ್ಬ ಸಿಗ್ತದೆ, 10–15 ಲೀಟರಿಂದು. ಜೊತೆಗೆ ಹೈಗ್ರೋಮೀಟರ್, ಅಂದ್ರೆ ತೇವಾಂಶ ತೋರಿಸೋ ಸಣ್ಣ ಮಾಪಕ. ಸಿಲಿಕಾ ಜೆಲ್ ಕಾಲು ಕಿಲೋ, ಬಣ್ಣ ಬದಲಾಗೋ ಥರದ್ದು. ನೀಲಿ ಇದ್ದದ್ದು ತೇವ ಕುಡಿದು ಗುಲಾಬಿ ಆಗ್ತದೆ, ಕಿತ್ತಳೆ ಇದ್ದದ್ದು ಹಸಿರಾಗ್ತದೆ. ಕಿತ್ತಳೆಯದ್ದೇ ತಗೊಳ್ಳಿ, ನೀಲಿಯಲ್ಲಿ ಕೋಬಾಲ್ಟ್ ಇರ್ತದೆ, ಅದು ವಿಷ, ಮಕ್ಕಳಿರೋ ಮನೇಲಿ ಬೇಡ. ಜೆಲ್ಲನ್ನ ಬಟ್ಟೆ ಗಂಟು ಕಟ್ಟಿ ಡಬ್ಬದ ಮೂಲೇಲಿ ಇಡಿ, ಲೆನ್ಸಿಗೆ ತಾಗೋದು ಬೇಡ, ಧೂಳು ಇರ್ತದೆ. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೇ ಬಾಣಲೇಲಿ ಸಣ್ಣ ಉರೀಲಿ ಹುರಿದ್ರೆ ಮತ್ತೆ ಮೊದಲಿನ ಬಣ್ಣ, ವರ್ಷಗಟ್ಲೆ ಬರ್ತದೆ. ಪೂರ್ತಿ ಆರಿದ ಮೇಲೇ ಡಬ್ಬಕ್ಕೆ ಹಾಕಿ.

ಮಾಡಬಾರದ್ದು ಕೆಲವು. ಕ್ಯಾಮೆರಾವನ್ನ ಅಕ್ಕಿ ಡಬ್ಬದಲ್ಲಿ ಹೂಳ್ಬೇಡಿ, ಅಕ್ಕಿ ಧೂಳು ಸಂದಿಗೆ ಹೋಗ್ತದೆ, ತೇವ ಹೀರೋದೂ ಅಷ್ಟಕ್ಕಷ್ಟೇ. ಬಟ್ಟೆ ಕಪಾಟಿನ ಡಾಂಬರು ಗುಳಿಗೆ ಹತ್ರ ಇಡ್ಬೇಡಿ, ಅದರ ಆವಿ ಲೆನ್ಸಿಗೆ ಒಳ್ಳೇದಲ್ಲ. ಒಲೆ ಮೇಲಿನ ಅಟ್ಟ ಬೆಚ್ಚಗಿರ್ತದೆ ಅಂತ ಅಲ್ಲಿಡ್ಬೇಡಿ, ಹೊಗೆಯ ಜಿಡ್ಡು ಕೂರ್ತದೆ. ಕಪಾಟಲ್ಲಿ ಬಲ್ಬ್ ಹಾಕಿಡೋ ಹಳೇ ಉಪಾಯ ಎಲ್ಇಡಿ ಬಲ್ಬಲ್ಲಿ ನಡೆಯೋದಿಲ್ಲ, ಅದು ಬಿಸಿ ಆಗೋದೇ ಸ್ವಲ್ಪ. ಟ್ರಿಪ್ಪಿಂದ ಬಂದ ಬ್ಯಾಗ್ ಹಾಗೇ ಮುಚ್ಚಿಡ್ಬೇಡಿ, ಒದ್ದೆ ಸ್ಪಂಜಿನ ಒಳಗೆ ಲೆನ್ಸ್ ಬಿಟ್ರೆ ಮುಗೀತು.

ಕ್ಯಾಮೆರಾ ಒಳಗೆ ನೀರು ಹೋಗಿದೆ ಅನ್ನಿಸಿದ್ರೆ ಆನ್ ಮಾಡಿ ನೋಡೋದು ದೊಡ್ಡ ತಪ್ಪು. ಬ್ಯಾಟರಿ, ಕಾರ್ಡ್ ತೆಗೆದು, ಬಾಗಿಲೆಲ್ಲ ತೆರೆದಿಟ್ಟು, ಎರಡು ದಿನ ಸಿಲಿಕಾ ಡಬ್ಬದಲ್ಲಿ ಬಿಡಿ. ಹೇರ್ ಡ್ರೈಯರ್ ಬೇಡ. ಸಮುದ್ರದ ನೀರಾದ್ರೆ ಕಾಯ್ಬೇಡಿ, ಬ್ಯಾಟರಿ ತೆಗೆದು ಅವತ್ತೇ ರಿಪೇರಿಗೆ ಕೊಡಿ, ಉಪ್ಪು ಒಳಗಿನ ತಾಮ್ರ ತಿನ್ನೋಕೆ ಶುರು ಮಾಡಿರ್ತದೆ.

ಹಂತ 9: ಸೆಕೆಂಡ್ ಹ್ಯಾಂಡ್ ತಗೊಳ್ಳೋದಾದ್ರೆ

ಧಾರಾಳ ತಗೊಳ್ಳಿ, ಆದ್ರೆ ಕರಾವಳಿಯಲ್ಲಿ ಬಳಸಿದ ಸಾಮಾನನ್ನ ಹಗಲು ಬೆಳಕಲ್ಲಿ ನೋಡಿ. ಲೆನ್ಸಿನ ಹಿಂದಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂದಿಂದ ಇಣುಕಿ. ಧೂಳು ಚುಕ್ಕಿ ಚುಕ್ಕಿಯಾಗಿರ್ತದೆ, ಅಡ್ಡಿಲ್ಲ. ಎಳೆ ಎಳೆಯಾಗಿ ಹಬ್ಬಿದ್ರೆ ಫಂಗಸ್, ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ಮೌಂಟಿನ ಸ್ಕ್ರೂ ತಲೆ ತುಕ್ಕು ಹಿಡಿದಿದ್ಯಾ, ಬ್ಯಾಟರಿ ತಾಗೋ ಲೋಹದ ಮೇಲೆ ಹಸಿರು ಪುಡಿ ಇದ್ಯಾ ನೋಡಿ, ಇದ್ರೆ ಉಪ್ಪು ನೀರು ಒಳಗೆ ಹೋಗಿದೆ ಅಂತ ಅರ್ಥ. ಎಫ್ 16 ಇಟ್ಟು ಬರೀ ಆಕಾಶದ ಫೋಟೋ ತೆಗೆದ್ರೆ ಸೆನ್ಸರ್ ಮೇಲಿನ ಕಲೆ ಕಾಣ್ತದೆ. ಶಟರ್ ಕೌಂಟ್, ಅಂದ್ರೆ ಈವರೆಗೆ ಎಷ್ಟು ಫೋಟೋ ತೆಗೆದಿದೆ ಅನ್ನೋದನ್ನೂ ಕೇಳಿ.

ಹಂತ 10: ಫೋನು, ಆಕ್ಷನ್ ಕ್ಯಾಮೆರಾ, ಡ್ರೋನು

ಕಾಳಿಯಲ್ಲಿ ರಾಫ್ಟಿಂಗ್ ಮಾಡೋವಾಗ ದೊಡ್ಡ ಕ್ಯಾಮೆರಾ ತರೋದೇ ಬೇಡ. ಗೋಪ್ರೋ ಹೀರೋ13 ಬ್ಲ್ಯಾಕ್ ಅನ್ನೋ ಆಕ್ಷನ್ ಕ್ಯಾಮೆರಾ ಬೇರೆ ಪೆಟ್ಟಿಗೆ ಇಲ್ಲದೇ 10 ಮೀಟರ್ ಆಳಕ್ಕೆ ತಡೀತದೆ, ಓಎಂ ಸಿಸ್ಟಮ್ ಟಿಜಿ-7 ಅನ್ನೋ ಸಣ್ಣ ಕ್ಯಾಮೆರಾ 15 ಮೀಟರಿಗೆ. ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಹೋಗೋರು ಅದಕ್ಕಿಂತ ಕೆಳಗೆ ಇಳಿಯೋದಾದ್ರೆ ಹೌಸಿಂಗ್, ಅಂದ್ರೆ ನೀರು ನುಗ್ಗದ ಗಟ್ಟಿ ಪೆಟ್ಟಿಗೆ, ಬೇಕೇ ಬೇಕು. ಫೋನಿನ ಐಪಿ68 ನಂಬಿ ಸಮುದ್ರಕ್ಕೆ ಇಳಿಸ್ಬೇಡಿ, ಆ ಪರೀಕ್ಷೆ ಸಿಹಿ ನೀರಲ್ಲಿ ಮಾಡಿದ್ದು.

ಡ್ರೋನು 250 ಗ್ರಾಂ ಒಳಗಿದ್ರೆ ಪೈಲಟ್ ಸರ್ಟಿಫಿಕೇಟ್ ಬೇಡ ಅಂತ 2021ರ ಡ್ರೋನ್ ನಿಯಮದಲ್ಲಿ ಇದೆ, ಅದನ್ನ ಓದಿ ಎಲ್ಲಿ ಬೇಕಾದ್ರೂ ಹಾರಿಸಬಹುದು ಅಂತ ತಿಳ್ಕೊಳ್ಬೇಡಿ. ಹಾರಿಸೋ ಮುಂಚೆ ಡಿಜಿಟಲ್ ಸ್ಕೈ ಅನ್ನೋ ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಆ ಜಾಗ ಕೆಂಪೋ (ನಿಷೇಧ) ಹಳದಿಯೋ (ಅನುಮತಿ ಬೇಕು) ಹಸಿರೋ ನೋಡಿ. ಕಾರವಾರದಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಇದೆ, ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಇದೆ, ಆ ಸುತ್ತ ಡ್ರೋನ್ ಬೇಡವೇ ಬೇಡ, ನೆಲೆ, ಸ್ಥಾವರದ ಕಡೆ ಉದ್ದ ಲೆನ್ಸ್ ಹಿಡಿದು ನಿಲ್ಲೋದೂ ಬೇಡ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆ ಅನುಮತಿ ಬೇಕು. ಮಳೆಗಾಲದಲ್ಲಿ ಕೆಲವು ಜಲಪಾತಕ್ಕೆ ಪ್ರವೇಶವೇ ನಿಲ್ಲಿಸಿರ್ತಾರೆ, ಕಾವಲುಗಾರರ ಹತ್ರ ವಾದ ಮಾಡಿ ಬೇಲಿ ದಾಟ್ಬೇಡಿ. ಮೇಲೆ ಘಟ್ಟದಲ್ಲಿ ಮಳೆ ಬಿದ್ರೆ ಕೆಳಗೆ ಬಿಸಿಲಿದ್ರೂ ಹಳ್ಳ ನೋಡ್ತಾ ನೋಡ್ತಾ ಏರ್ತದೆ.

ದುಡ್ಡು ಹಂಚೋದು ಹೇಗೆ?

1 ಲಕ್ಷ ಇದೆ ಅಂತಿಟ್ಕೊಳ್ಳಿ. ನಾನಾದ್ರೆ 40 ಸಾವಿರ ಒಳಗೆ ಸೆಕೆಂಡ್ ಹ್ಯಾಂಡ್ ಬಾಡಿ, 40 ಸಾವಿರ ನಿಮ್ಮ ಮೊದಲನೇ ಹಂತದ ಪಟ್ಟಿಗೆ ಸರಿಹೋಗೋ ಒಂದೇ ಲೆನ್ಸು, ಉಳಿದ 20 ಸಾವಿರದಲ್ಲಿ ಟ್ರೈಪಾಡು, ಸಿಪಿಎಲ್, ಡ್ರೈ ಬ್ಯಾಗು, ಸಿಲಿಕಾ ಡಬ್ಬ, ಇನ್ನೊಂದು ಬ್ಯಾಟರಿ. ಪೂರ್ತಿ 1 ಲಕ್ಷ ಬಾಡಿಗೇ ಹಾಕಿ ಡಬ್ಬ ಆಮೇಲೆ ನೋಡುವ ಅಂದವರ ಲೆನ್ಸು ಮುಂದಿನ ದೀಪಾವಳಿಗೆ ಹೇಗಿರ್ತದೆ ಅಂತ ಮೇಲೆ ಹೇಳಿದ್ದೇನೆ.

ಸಾಮಾನು ಬಂದ ಮೇಲೆ ನೇರ ಕಾಡಿಗೆ ಓಡ್ಬೇಡಿ. ಮಳೆ ಬರೋ ದಿನ ಮನೆ ಜಗುಲಿ ಮೇಲೆ ನಿಂತು, ಕ್ಯಾಮೆರಾಕ್ಕೆ ಕೊಟ್ಟೆ ಕಟ್ಟಿ, ಒಳಗೆ ಕೈ ಹಾಕಿ ಶಟರ್, ಐಎಸ್ಒ ಬದಲಾಯಿಸಿ, ಅಂಗಳದಲ್ಲಿ ಹಂಚಿನಿಂದ ಇಳಿಯೋ ನೀರಿನ ಫೋಟೋ ಕಾಲು ಸೆಕೆಂಡಲ್ಲಿ ತೆಗೀರಿ. ಬಟನ್ ಎಲ್ಲೆಲ್ಲಿದೆ ಅಂತ ನೋಡದೇ ಬೆರಳಿಗೆ ಸಿಗೋ ತನಕ ಎರಡು ಮೂರು ಸಲ ಮಾಡಿ. ಮುಗಿದ ಮೇಲೆ ಒರೆಸಿ, ಡಬ್ಬಕ್ಕೆ ಹಾಕಿ, ಮರುದಿನ ಬೆಳಿಗ್ಗೆ ಮಾಪಕ ನೋಡಿ, 50ರ ಹತ್ರ ಇಳಿದಿದ್ರೆ ಉಂಚಳ್ಳಿಗೆ ಹೊರಡಿ.